ಗೊರಕೆಯ ಹಿಂದಿನ ಕಾಯಿಲೆ: ಮುಖದ ಫೋಟೊದಿಂದ ಸುಳಿವು ಹಿಡಿಯುವುದು ಹೇಗೆ?

ಬೇಸಿಗೆಯಲ್ಲಿ ಮಾಳಿಗೆ ಮೇಲೆ ಸಾಲಾಗಿ ಮಲಗುವ ಕಲಬುರಗಿಯ ಮನೆಗಳಲ್ಲಿ ಯಾರ ಗೊರಕೆ ಎಂಥದ್ದೆಂದು ಎಲ್ಲರಿಗೂ ಗೊತ್ತಿರುತ್ತದೆ. ಏರುತ್ತಿದ್ದ ಗೊರಕೆ ತಟ್ಟನೆ ನಿಂತು, ಸ್ವಲ್ಪ ಹೊತ್ತಿನ ಬಳಿಕ ಗಕ್ಕನೆ ಉಸಿರೆಳೆದುಕೊಂಡರೆ ಅದನ್ನು ನಕ್ಕು ಬಿಡಬೇಡಿ. ನಿದ್ದೆಯಲ್ಲಿ ಗಂಟಲ ದಾರಿ ಮುಚ್ಚಿ 10 ಸೆಕೆಂಡ್ ಅಥವಾ ಹೆಚ್ಚು ಹೊತ್ತು ಉಸಿರು ನಿಲ್ಲುವುದೇ ಸ್ಲೀಪ್ ಆಪ್ನಿಯಾ. 'ಮಲಗಿದ್ರ ಉಸರ ನಿಂತಂಗ ಆಗ್ತದ್ರಿ' ಎಂದು ಹೆಂಡತಿ ಹೇಳುವ ಮಾತೇ ಮೊದಲ ಪುರಾವೆ.

ದಪ್ಪಗಿದ್ದವರಿಗಷ್ಟೇ ಇದು ಬರುತ್ತದೆಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಆದರೆ ಕೆಳದವಡೆ ಚಿಕ್ಕದಾಗಿ ಹಿಂದೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲದೆ, ತೆಳ್ಳಗಿರುವವರ ಗಂಟಲೂ ಮುಚ್ಚಿಕೊಳ್ಳುತ್ತದೆ. ಫೋಟೊದ ಅಳತೆ ಉಪಯೋಗಕ್ಕೆ ಬರುವುದು ಇಲ್ಲೇ. ಸಿಡ್ನಿಯ ಸಂಶೋಧಕರು 2009ರಲ್ಲಿ ಮುಖದ ಅಗಲ, ಕಣ್ಣಿನ ಅಗಲ, ಕೆಳದವಡೆಯ ಉದ್ದ, ಗದ್ದದ ಕೆಳಗಿನ ಕೋನ ಈ ನಾಲ್ಕನ್ನು ಸಾಮಾನ್ಯ ಫೋಟೊಗಳಿಂದ ಅಳೆದು, ಕಾಯಿಲೆ ಇದೆಯೇ ಇಲ್ಲವೇ ಎಂದು ಸುಮಾರು ಮುಕ್ಕಾಲು ಪಾಲು ಜನರಲ್ಲಿ ಸರಿಯಾಗಿ ಗುರುತಿಸಿದರು. 2020ರಲ್ಲಿ ಪಶ್ಚಿಮ ಆಸ್ಟ್ರೇಲಿಯಾದವರು ತ್ರೀಡಿ ಫೋಟೊ ಬಳಸಿದಾಗ ಆ ನಿಖರತೆ 91 ಶೇಕಡಕ್ಕೆ ಏರಿತು.

ಫೋಟೊ ತೆಗೆಯಲು ಮೊದಲು 1 ಸೆಂ.ಮೀ. ಅಳತೆಯ ಕಾಗದದ ಚೂರನ್ನು ಕೆನ್ನೆಗೆ ಅಂಟಿಸಿ, ಅದೇ ಅಳತೆಗೋಲು. ಕೂದಲನ್ನು ಕಿವಿಯ ಹಿಂದೆ ಸರಿಸಿ, ಕಾಲರ್ ಬಿಚ್ಚಿ. ಗಡ್ಡ ದಟ್ಟವಾಗಿದ್ದರೆ ದವಡೆಯ ಮೂಲೆ ಕಾಣದು. ಬೆರಳಿನಿಂದ ತಡವಿ ನೋಡಿ, ಅಲ್ಲಿ ಪೆನ್ನಿನಿಂದ ಚುಕ್ಕೆ ಇಡಿ. ಕುಳಿತವರು ನೇರ ಮುಂದೆ ನೋಡಲಿ, ಬಾಯಿ ಮುಚ್ಚಿರಲಿ.

ಫೋನನ್ನು ಕಣ್ಣಿನ ಮಟ್ಟದಲ್ಲಿ, ಒಂದೂವರೆ ಮೀಟರ್ ದೂರ ಹಿಡಿದು ಜೂಮ್ ಮಾಡಿ. ಹತ್ತಿರದಿಂದ ತೆಗೆದ ಸೆಲ್ಫಿಯಲ್ಲಿ ಮೂಗು ದೊಡ್ಡದಾಗಿ, ಕೆನ್ನೆಯಂಚುಗಳು ಹಿಂದೆ ಸರಿದು ಮುಖದ ಅಗಲ ತಪ್ಪಾಗುತ್ತದೆ. ಎದುರಿನಿಂದ ಒಂದು, ಪಕ್ಕದಿಂದ ಒಂದು ಫೋಟೊ ಸಾಕು.

ಕಂಪ್ಯೂಟರಿನಲ್ಲಿ ಕಾಗದದ ಚೂರು 60 ಪಿಕ್ಸೆಲ್, ಮುಖದ ಅಗಲ 840 ಪಿಕ್ಸೆಲ್ ಬಂದರೆ ಅಗಲ 14 ಸೆಂ.ಮೀ. ಪಕ್ಕದ ಫೋಟೊದಲ್ಲಿ ಗದ್ದದ ತಳದ ಗೆರೆ ಕುತ್ತಿಗೆಯ ಗೆರೆಯನ್ನು ಕೂಡುವ ಕೋನ ನೋಡಿ. ಅದು ಮೊನಚಾಗಿ ಮಡಚದೆ ಇಳಿಜಾರಾಗಿದ್ದಷ್ಟೂ ಅನುಮಾನ ಹೆಚ್ಚು. ನಾಲ್ಕರಲ್ಲಿ ಬರಿಗಣ್ಣಿಗೇ ತಿಳಿಯುವಂಥದ್ದು ಇದೊಂದೇ ಎನ್ನುವುದು ನನ್ನ ಅಭಿಪ್ರಾಯ. ಟೇಪಿನಿಂದ ಕುತ್ತಿಗೆಯ ಸುತ್ತಳತೆಯನ್ನೂ ಬರೆದುಕೊಳ್ಳಿ, 40 ಸೆಂ.ಮೀ. ದಾಟಿದರೆ ವೈದ್ಯರು ಗಮನಿಸುತ್ತಾರೆ.

ಈ ಅಳತೆಗಳಿಂದ ಮನೆಯಲ್ಲೇ ಕಾಯಿಲೆ ಇದೆ, ಇಲ್ಲ ಎಂದು ತೀರ್ಮಾನಿಸಬೇಡಿ. ಹೊರದೇಶದ ಮುಖಗಳಿಗೆ ಹೊಂದಿಸಿದ ಲೆಕ್ಕ ನಮ್ಮವರಿಗೆ ಹಾಗೆಯೇ ಕೂಡುವುದಿಲ್ಲ. ಫೋಟೊ, ಅಳತೆ, ಗೊರಕೆಯ ವಿಡಿಯೊ ಮೂರನ್ನೂ ಕಿವಿ-ಮೂಗು-ಗಂಟಲು ವೈದ್ಯರಿಗೆ ತೋರಿಸಿ, ನಿದ್ದೆಯ ಪರೀಕ್ಷೆ ಬೇಕೇ ಎಂದು ಕೇಳಿ. ಅದರಲ್ಲಿ ಗಂಟೆಗೆ ಎಷ್ಟು ಸಲ ಉಸಿರು ನಿಂತಿತು ಅಥವಾ ಕುಗ್ಗಿತು ಎಂದು ಎಣಿಸುತ್ತಾರೆ: 5ರಿಂದ ಕಾಯಿಲೆ ಶುರು, 30 ಮುಟ್ಟಿದರೆ ತೀವ್ರ. ರಾತ್ರಿ ಲಾರಿ, ಬಸ್ಸು ಓಡಿಸುವವರಿದ್ದರೆ, ನಿದ್ದೆಗೆಟ್ಟು ತೂಕಡಿಸುವ ಅಪಾಯ ಇರುವುದರಿಂದ ಅವರನ್ನು ಮೊದಲು ಕರೆದೊಯ್ಯಿರಿ.