ಗಣೇಶಗುಡಿಯ ಕಾಡಿನಲ್ಲಿ ಬಣ್ಣದ ಹಕ್ಕಿಗಳ ಛಾಯಾಗ್ರಹಣ

ಉತ್ತರ ಕನ್ನಡ ಜಿಲ್ಲೆಯ ಜೋಯಿಡಾ ತಾಲ್ಲೂಕಿನಲ್ಲಿ, ಕಾಳಿ ನದಿಯ ದಡದಲ್ಲಿರುವ ಗಣೇಶಗುಡಿಗೆ ಸ್ವತಃ ಯೋಜಿಸಿಕೊಂಡು ಹೋಗುವವರು ನವೆಂಬರ್‌ನಿಂದ ಮಾರ್ಚ್‌ವರೆಗಿನ ಅವಧಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಚಳಿಗಾಲದ ಅತಿಥಿಯಾದ ನವರಂಗ ಹಕ್ಕಿಯೂ (ಇಂಡಿಯನ್ ಪಿಟ್ಟಾ) ಆಗ ಅಲ್ಲಿರುತ್ತದೆ. ಹುಬ್ಬಳ್ಳಿ ಅಥವಾ ಧಾರವಾಡದವರೆಗೆ ರೈಲಿನಲ್ಲಿ ಬಂದು, ಮುಂದೆ ರಸ್ತೆಯಲ್ಲಿ ಸಾಗಬಹುದು. ಕನಿಷ್ಠ ಮೂರು ಬೆಳಗುಗಳನ್ನಾದರೂ ಮೀಸಲಿಡಿ.

ದಟ್ಟ ಮರಗಳ ಕೆಳಗೆ ಬೆಳಕು ತೀರಾ ಕಡಿಮೆ. ಕಾಕರಣೆ ಹಕ್ಕಿ (ಮಲಬಾರ್ ಟ್ರೋಗನ್) ಒಂದೇ ಕೊಂಬೆಯ ಮೇಲೆ ಬಹಳ ಹೊತ್ತು ಅಲುಗಾಡದೆ ಕೂರುವುದರಿಂದ, ಕ್ಯಾಮೆರಾವನ್ನು ಮೋನೋಪಾಡ್‌ಗೆ (ಒಂಟಿ ಕಾಲಿನ ಆಸರೆ) ಆನಿಸಿ, ಶಟರ್ ವೇಗವನ್ನು 1/125 ಸೆಕೆಂಡಿಗೆ ಇಳಿಸಿದರೂ ಸ್ಪಷ್ಟ ಚಿತ್ರ ದೊರೆಯಬಲ್ಲದು. ಹಾರುವ ಮಂಗಟ್ಟೆಗಾದರೆ (ಹಾರ್ನ್‌ಬಿಲ್) 1/1600 ಸೆಕೆಂಡು ಬೇಕು, ಮತ್ತು ಬಿಳಿ ಆಕಾಶದ ಎದುರು ಅದರ ಕಪ್ಪು ಗರಿಗಳ ವಿವರ ಉಳಿಯಲು ಎಕ್ಸ್‌ಪೋಷರನ್ನು ಒಂದು ಸ್ಟಾಪ್, ಅಂದರೆ ಬೆಳಕು ಎರಡರಷ್ಟಾಗುವಂತೆ, ಹೆಚ್ಚಿಸಬೇಕು. ಐಎಸ್ಒವನ್ನು (ಬೆಳಕಿಗೆ ಕ್ಯಾಮೆರಾದ ಸಂವೇದನೆ) 3200ಕ್ಕೆ ಏರಿಸಲು ಹಿಂಜರಿಯಬೇಡಿ, ಏಕೆಂದರೆ ಚಿತ್ರದ ಕಾಳುಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಚಿತ್ರವನ್ನು ಸರಿಪಡಿಸುವುದು ಕಷ್ಟ.

ಮಂಗಟ್ಟೆಯ ಗೂಡಿನ ಬಳಿ ಮಾತ್ರ ದಯವಿಟ್ಟು ನಿಲ್ಲಬೇಡಿ. ಹೆಣ್ಣು ಹಕ್ಕಿ ಮರದ ಪೊಟರೆಯೊಳಗೆ ಸೇರಿ ಪೊಟರೆಯ ಬಾಯಿಯನ್ನು ಮುಚ್ಚಿಕೊಂಡಿರುತ್ತದೆ. ಸಣ್ಣ ಸೀಳಿನ ಮೂಲಕ ಗಂಡು ತಂದುಕೊಡುವ ಹಣ್ಣುಗಳೇ ಅದಕ್ಕೆ ಆಹಾರ, ಮತ್ತು ಮನುಷ್ಯರನ್ನು ಕಂಡ ಗಂಡು ಹತ್ತಿರ ಬರಲು ಹೆದರುತ್ತದೆ. ಮೊಬೈಲಿನಿಂದ ಹಕ್ಕಿಯ ಕೂಗನ್ನು ನುಡಿಸಿ ಕರೆಯುವುದನ್ನೂ ನಾನು ಒಪ್ಪುವುದಿಲ್ಲ.