ಎಫ್‌ಪಿಎಸ್ 90 ಇದ್ದರೂ ಗೇಮ್ ಯಾಕೆ ಜರ್ಕ್ ಹೊಡೆಯುತ್ತಿತ್ತು?

ನನ್ನ ಡೆಸ್ಕ್‌ಟಾಪಿನಲ್ಲಿ ರೈಜನ್ 5 3600 ಪ್ರೊಸೆಸರ್, ಜಿಟಿಎಕ್ಸ್ 1660 ಸೂಪರ್ ಗ್ರಾಫಿಕ್ಸ್ ಕಾರ್ಡ್, 16 ಜಿಬಿ ರ‍್ಯಾಮ್ ಇದೆ. ಜಿಟಿಎ 5 ಗೇಮ್ ಆಡಲು ಇಷ್ಟು ಧಾರಾಳವಾಗಿ ಸಾಕು. ಆದರೂ ಹೋದ ಬೇಸಿಗೆಯಲ್ಲಿ ಕಾರು ಜೋರಾಗಿ ಓಡಿಸಿದಾಗಲೆಲ್ಲ ಪರದೆ ಒಂದು ಕ್ಷಣ ನಿಂತು ಮತ್ತೆ ಓಡುತ್ತಿತ್ತು. ಮೂಲೆಯಲ್ಲಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಫ್ರೇಮ್, ಅಂದರೆ ಚಿತ್ರ, ಮೂಡುತ್ತವೆ ಎಂಬ ಲೆಕ್ಕ) ಮಾತ್ರ 90ರ ಆಸುಪಾಸಿನಲ್ಲೇ ಇರುತ್ತಿತ್ತು.

ಆ ಸಂಖ್ಯೆ ನಂಬಿ ಒಂದು ವಾರ ಕಳೆದೆ. 90 ಎಫ್‌ಪಿಎಸ್ ಅಂದರೆ ಒಂದು ಫ್ರೇಮಿಗೆ ಸುಮಾರು 11 ಮಿಲಿಸೆಕೆಂಡ್. ನಡುವೆ ಒಂದೇ ಒಂದು ಫ್ರೇಮ್ 100 ಮಿಲಿಸೆಕೆಂಡ್ ತಗೊಂಡರೂ ಆ ಸೆಕೆಂಡಿನ ಲೆಕ್ಕ 82ಕ್ಕೆ ಇಳಿಯುತ್ತದೆ, ಅಷ್ಟೇ. ಕಣ್ಣಿಗೆ ಮಾತ್ರ ಆ ಜರ್ಕ್ ಚೆನ್ನಾಗಿ ಗೊತ್ತಾಗುತ್ತದೆ. ಹಾಗಾಗಿ ರಿವಾಟ್ಯೂನರ್ ಎಂಬ ಸಾಫ್ಟ್‌ವೇರ್ ಹಾಕಿ, ಒಂದೊಂದು ಫ್ರೇಮಿಗೆ ಹಿಡಿದ ಸಮಯ ತೋರಿಸುವ ಫ್ರೇಮ್‌ಟೈಮ್ ಗ್ರಾಫ್ ನೋಡಿದೆ. ಸಮನಾಗಿ ಇರಬೇಕಾದ ಗೆರೆಯ ತುಂಬ ಮುಳ್ಳು ಎದ್ದಿದ್ದವು.

ಸೇಫ್ ಮೋಡಿನಲ್ಲಿ ಕಾರ್ಡಿನ ಡ್ರೈವರ್ (ಅದನ್ನು ನಡೆಸುವ ಸಾಫ್ಟ್‌ವೇರ್) ತೆಗೆದು ಹೊಸದಾಗಿ ಹಾಕಿದೆ. ಏನೂ ಬದಲಾಗಲಿಲ್ಲ. ಗ್ರಾಫಿಕ್ಸ್ ಪೂರ್ತಿ ಕಡಿಮೆ ಮಾಡಿದೆ. ಕಾರ್ಡಿನ ಬಳಕೆ 55 ಪರ್ಸೆಂಟಿಗೆ ಇಳಿಯಿತು, ಜರ್ಕ್ ಹಾಗೇ ಉಳಿಯಿತು. ಸುಳಿವು ಸಿಕ್ಕಿದ್ದೇ ಇಲ್ಲಿ. ಕಾರ್ಡಿನ ಕೆಲಸ ಕಡಿಮೆ ಮಾಡಿದರೂ ಗುಣ ಕಾಣದಿದ್ದರೆ ತೊಂದರೆ ಬೇರೆ ಕಡೆ ಇದೆ, ಅಲ್ವಾ?

ಪ್ರೊಸೆಸರ್ ಬಿಸಿ ನೋಡಿದರೆ 95 ಡಿಗ್ರಿ. ಈ ಪ್ರೊಸೆಸರಿಗೆ ಅದೇ ಮಿತಿ. ಅಲ್ಲಿ ಮುಟ್ಟಿದ ಕೂಡಲೇ ಅದು ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಕ್ಯಾಬಿನೆಟ್ ಬಿಚ್ಚಿದರೆ ಕೂಲರಿನ ರೆಕ್ಕೆಗಳ ನಡುವೆ ಧೂಳು ಹತ್ತಿಯ ಹಾಗೆ ಕೂತಿತ್ತು. ಬ್ಲೋವರ್ ಹಿಡಿಯುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ತಡೆದುಕೊಂಡೆ. ಪ್ರೊಸೆಸರಿನ ಬಿಸಿಯನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಒಣಗಿರುತ್ತದೆ ಅನ್ನಿಸಿ ಅದನ್ನೂ ಬದಲಿಸಿದೆ. ಇಲ್ಲಿ ಒಂದು ಎಚ್ಚರ ಹೇಳಲೇಬೇಕು. ಪ್ರೊಸೆಸರ್ ಕೂರುವ ಈ ಸಾಕೆಟ್ಟಿನಲ್ಲಿ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆದರೆ ಪೇಸ್ಟಿಗೆ ಅಂಟಿಕೊಂಡು ಪ್ರೊಸೆಸರೇ ಕಿತ್ತು ಬರಬಹುದು, ಪಿನ್ ಬಾಗಬಹುದು. ನಾನು ಮೊದಲು ಹತ್ತು ನಿಮಿಷ ಗೇಮ್ ಆಡಿ ಬಿಸಿ ಮಾಡಿ, ಆಫ್ ಮಾಡಿ, ಪ್ಲಗ್ ತೆಗೆದೆ. ಆಮೇಲೆ ಸ್ಕ್ರೂ ಬಿಚ್ಚಿ, ಕೂಲರನ್ನು ಮೆಲ್ಲಗೆ ಅತ್ತಿತ್ತ ತಿರುಗಿಸಿ ಬಿಡಿಸಿದೆ. ಹೊಸ ಪೇಸ್ಟ್ ಬಟಾಣಿಯಷ್ಟು ಸಾಕು.

ಬಿಸಿ 78ಕ್ಕೆ ಬಂತು. ಮುಳ್ಳುಗಳು ಅರ್ಧ ಕಡಿಮೆಯಾದವು. ಅರ್ಧ ಉಳಿದವು.

ಉಳಿದರ್ಧಕ್ಕೆ ಕಾರಣ ರ‍್ಯಾಮ್. ಹಿಂದಿನ ವರ್ಷ ಬೆಂಗಳೂರಿನ ಎಸ್‌ಪಿ ರೋಡಿನಿಂದ ಇನ್ನೊಂದು 8 ಜಿಬಿ ತಂದು, ಮೊದಲಿನದರ ಪಕ್ಕದ ಸ್ಲಾಟಿಗೇ ಹಾಕಿದ್ದೆ. ಪಕ್ಕಪಕ್ಕದ ಆ ಎರಡು ಸ್ಲಾಟ್ ಒಂದೇ ಚಾನೆಲಿನವು, ಅಂದರೆ ರ‍್ಯಾಮಿಗೂ ಪ್ರೊಸೆಸರಿಗೂ ನಡುವಿನ ಎರಡು ದಾರಿಗಳಲ್ಲಿ ಒಂದೇ ಬಳಕೆಯಾಗುತ್ತಿತ್ತು. ಸಿಪಿಯು-ಝಡ್ ಎಂಬ ಸಾಫ್ಟ್‌ವೇರ್ ತೆರೆದರೆ ಚಾನೆಲ್ ಸಿಂಗಲ್, ವೇಗ 1200 ಎಂದಿತ್ತು. ಡಿಡಿಆರ್ ರ‍್ಯಾಮಿಗೆ ಅದನ್ನು ಎರಡು ಪಟ್ಟು ಮಾಡಿ ಓದಬೇಕು, ಅಂದರೆ 2400. ನಾನು ದುಡ್ಡು ಕೊಟ್ಟಿದ್ದು 3200ರ ರ‍್ಯಾಮಿಗೆ! ಮದರ್‌ಬೋರ್ಡಿನ ಕೈಪಿಡಿ ನೋಡಿ ಎರಡನೇ ಮತ್ತು ನಾಲ್ಕನೇ ಸ್ಲಾಟಿಗೆ ಬದಲಿಸಿದೆ. ಬಯಾಸಿಗೆ (ಮದರ್‌ಬೋರ್ಡಿನ ಸೆಟ್ಟಿಂಗ್‌ಗಳಿಗೆ) ಹೋಗಿ, ರ‍್ಯಾಮನ್ನು ಅದರ ಪೂರ್ತಿ ವೇಗದಲ್ಲಿ ಓಡಿಸುವ ಎಕ್ಸ್‌ಎಂಪಿ ಆನ್ ಮಾಡಿದೆ. ರೀಸ್ಟಾರ್ಟ್ ಆದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗೇ ಇತ್ತು. ಗಾಬರಿಯಾಯಿತು. ಹೊಸ ವೇಗಕ್ಕೆ ರ‍್ಯಾಮ್ ಹೊಂದಿಕೊಳ್ಳಲು ಅಷ್ಟು ಸಮಯ ಬೇಕು, ಸುಮ್ನೆ ಕಾಯಬೇಕು.

ಆ ರಾತ್ರಿ ಅದೇ ರಸ್ತೆಯಲ್ಲಿ ಅದೇ ಕಾರು ಓಡಿಸಿದೆ. ಎಫ್‌ಪಿಎಸ್ ಹೆಚ್ಚಿದ್ದು ಹತ್ತೋ ಹನ್ನೆರಡೋ, ಆದರೆ ಗ್ರಾಫಿನ ಗೆರೆ ನೀಟಾಗಿ ಮಲಗಿತ್ತು. ಈಗಲೂ ಡ್ರೈವರ್ ಅಪ್‌ಡೇಟ್ ಆದ ಮೇಲೆ ಕೆಲವು ಹೊಸ ಗೇಮುಗಳು ಶುರುವಿನಲ್ಲಿ ಸ್ವಲ್ಪ ತಡವರಿಸುತ್ತವೆ. ಅದು ಬೆಳಕು, ಬಣ್ಣ ಮೂಡಿಸುವ ಪುಟ್ಟ ಪ್ರೋಗ್ರಾಮುಗಳಾದ ಶೇಡರ್‌ಗಳನ್ನು ಮತ್ತೆ ಸಿದ್ಧ ಮಾಡಿಕೊಳ್ಳುವ ಹೊತ್ತು. ಅದಕ್ಕೆ ಕ್ಯಾಬಿನೆಟ್ ಬಿಚ್ಚಲು ಹೋಗುವುದಿಲ್ಲ.