ಒರಿಬೆ ಹಸಿರಿನ ರೇಷ್ಮೆ ಸ್ಕಾರ್ಫ್: ಬಣ್ಣ ಹಾಕುವುದು ಹೇಗೆ?

ಒರಿಬೆ ಎಂದರೆ ಜಪಾನಿನ ಒಂದು ಬಗೆಯ ಮಣ್ಣಿನ ಪಾತ್ರೆ. ಒರಿಬೆ ತಟ್ಟೆಯ ಒಂದು ಮೂಲೆಗೆ ತಾಮ್ರ ಬೆರೆಸಿದ ಹಸಿರು ಗ್ಲೇಜ್, ಅಂದರೆ ಸುಟ್ಟಾಗ ಗಾಜಿನಂತಾಗುವ ಲೇಪ, ಸುರಿದಿರುತ್ತಾರೆ. ಉಳಿದ ಬಿಳಿ ಜಾಗದಲ್ಲಿ ಕಬ್ಬಿಣದ ಬಣ್ಣದಿಂದ ಬರೆದ ಕಂದು ಗೆರೆ, ಚೌಕ, ಬಳ್ಳಿ, ಹುಲ್ಲು. ಜಪಾನಿನ ಮಿನೊ ಸೀಮೆಯಲ್ಲಿ, ಅಂದರೆ ಈಗಿನ ಗಿಫು ಪ್ರಾಂತ್ಯದಲ್ಲಿ, 17ನೇ ಶತಮಾನದ ಆರಂಭದಲ್ಲಿ ಈ ಪಾತ್ರೆಗಳು ಮೆರೆದವು. ಹೆಸರು ಬಂದದ್ದು 1615ರಲ್ಲಿ ತೀರಿಕೊಂಡ ಚಹಾ ಆಚರಣೆಯ ಗುರು ಫುರುತಾ ಒರಿಬೆಯಿಂದ. ಪಾತ್ರೆಗಳ ಮೇಲಿನ ಎಷ್ಟೋ ವಿನ್ಯಾಸಗಳು ಆ ಕಾಲದ ಬಟ್ಟೆಗಳಲ್ಲಿ ಇದ್ದಂಥವೇ. ಅದಕ್ಕೇ ಅವು ರೇಷ್ಮೆಗೆ ಇಷ್ಟು ಚೆನ್ನಾಗಿ ಒಗ್ಗುತ್ತವೆ.

ಬೇಕಾಗುವುದು ಅಂಚು ಹೊಲಿದ, 90 ಸೆಂ.ಮೀ. ಚೌಕದ ತೆಳು ಬಿಳಿ ರೇಷ್ಮೆ. ಜತೆಗೆ ಮರದ ಚೌಕಟ್ಟು, ಇಸ್ತ್ರಿಯ ಶಾಖದಿಂದ ಬಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುವ ರೇಷ್ಮೆ ಬಣ್ಣಗಳು, ನೀರಿನಲ್ಲಿ ಕರಗುವ ಬಣ್ಣವಿಲ್ಲದ ಗಟ್ಟಾ (ಬಣ್ಣ ಹರಡದಂತೆ ತಡೆಯುವ ಅಂಟು), ತೊಳೆದರೂ ಹೋಗದ ಕಂದು ಔಟ್‌ಲೈನರ್ (ಗೆರೆ ಎಳೆಯುವ ಬಣ್ಣ), ಒಂದು ದಪ್ಪ ಕುಂಚ.

ಮೊದಲು ಬಟ್ಟೆಯನ್ನು ಸ್ವಲ್ಪ ಶಾಂಪೂ ಹಾಕಿ ತೊಳೆಯಿರಿ. ಗಂಜಿ, ಎಣ್ಣೆಯ ಅಂಶ ಉಳಿದರೆ ಬಣ್ಣ ಅಲ್ಲಲ್ಲಿ ಹಿಡಿಯುವುದಿಲ್ಲ. ಹಸಿ ಇರುವಾಗಲೇ ಇಸ್ತ್ರಿ ಮಾಡಿ. ಅಂಚಿಗೆ ಸೇಫ್ಟಿ ಪಿನ್ ಚುಚ್ಚಿ, ಪಿನ್ನಿಗೆ ರಬ್ಬರ್ ಬ್ಯಾಂಡ್ ಸಿಕ್ಕಿಸಿ, ಅದನ್ನು ಚೌಕಟ್ಟಿನ ಮೊಳೆಗೆ ಎಳೆದು ಹಾಕಿ. ಬಟ್ಟೆ ಬಿಗಿಯಾಗಿರಬೇಕು, ಕೆಳಗೆ ಮೇಜಿಗೆ ತಾಗಬಾರದು.

ಒರಿಬೆಯ ಬಿಳಿ ಅಚ್ಚ ಬಿಳಿಯಲ್ಲ. ಹಳದಿಗೆ ಒಂದೆರಡು ಹನಿ ಕಂದು ಸೇರಿಸಿ, ತುಂಬಾ ನೀರು ಮಾಡಿ, ಇಡೀ ಬಟ್ಟೆಗೆ ಬಳಿಯಿರಿ. ಪೂರ್ತಿ ಒಣಗಲಿ.

ಈಗ ಜಾಗ ಹಂಚಬೇಕು. ಸರಿಯಾಗಿ ಅರ್ಧ ಭಾಗ ಮಾಡಬೇಡಿ. ಹಾಗೆ ಮಾಡಿದರೆ ಒರಿಬೆಯ ಜೀವವೇ ಹೋಗುತ್ತದೆ. ಒಂದು ಮೂಲೆಯಿಂದ ಮೂರನೇ ಒಂದು ಭಾಗದಷ್ಟು ಹಸಿರಿಗೆ ಬಿಡಿ. ಅದರ ಗಡಿಯಲ್ಲಿ ಗಟ್ಟಾದಿಂದ ಅಂಕುಡೊಂಕು ಗೆರೆ ಎಳೆಯಿರಿ. ಗೆರೆ ಬಟ್ಟೆಯ ಹಿಂಬದಿಗೂ ಇಳಿದಿರಬೇಕು. ಒಂದು ಸಣ್ಣ ಸಂದಿ ಇದ್ದರೂ ಬಣ್ಣ ಅಲ್ಲಿಂದ ನುಗ್ಗುತ್ತದೆ. ಬೆಳಕಿಗೆ ಹಿಡಿದು ನೋಡಿದರೆ ಗೊತ್ತಾಗುತ್ತದೆ.

ಉಳಿದ ಜಾಗದಲ್ಲಿ ಕಂದು ಔಟ್‌ಲೈನರಿನಿಂದ ಚಿತ್ರ. ಒಂದು ಕಡೆ ಚೌಕುಳಿ, ಇನ್ನೊಂದು ಕಡೆ ನಾಲ್ಕೈದು ಹುಲ್ಲಿನ ಎಸಳು ಸಾಕು. ಸ್ಕೇಲ್ ಹಿಡಿಯದೆ, ಕೈ ತಡೆಯದೆ ಎಳೆಯಿರಿ. ಖಾಲಿ ಜಾಗ ಜಾಸ್ತಿ ಇದ್ದಷ್ಟೂ ಚೆಂದ. ಗೆರೆಗಳು ಒಣಗುವ ತನಕ ಮುಟ್ಟಬೇಡಿ.

ಆಮೇಲೆ ಹಸಿರು. ನನಗೆ ಅತ್ಯಂತ ಖುಷಿ ಕೊಡುವ ಹಂತ ಇದು. ಬಾಟಲಿಯ ಹಸಿರನ್ನು ಹಾಗೇ ಬಳಸಬೇಡಿ, ತೀರಾ ಹೊಳೆಯುತ್ತದೆ. ಸ್ವಲ್ಪ ಕಂದು ಬೆರೆಸಿ ಮಂಕು ಮಾಡಿ. ಇನ್ನೊಂದು ಬಟ್ಟಲಲ್ಲಿ ಅದಕ್ಕೇ ನೀಲಿ ಸೇರಿಸಿ ಗಾಢ ಹಸಿರು ಮಾಡಿಕೊಳ್ಳಿ. ಹಸಿರಿನ ಜಾಗವನ್ನಷ್ಟೇ ನೀರಿನಿಂದ ಒದ್ದೆ ಮಾಡಿ. ಮೂಲೆಯಿಂದ ತಿಳಿ ಹಸಿರು ಹರಿಸಿ, ಗಡಿಯ ಹತ್ತಿರ ಗಾಢ ಹಸಿರು ಮುಟ್ಟಿಸಿ. ಒರಿಬೆ ಪಾತ್ರೆಯಲ್ಲಿ, ಕುಂಬಾರನ ಆವಿಗೆಯ ಬಿಸಿಗೆ ಕರಗಿದ ಗ್ಲೇಜ್ ಇಳಿದು ದಪ್ಪಗೆ ನಿಂತ ಕಡೆ ಬಣ್ಣ ಗಾಢವಾಗುತ್ತದೆ. ಇಲ್ಲೂ ಹಾಗೇ, ನೀರು ಒಣಗುತ್ತಾ ಬಣ್ಣವನ್ನು ಅಂಚಿಗೆ ತಳ್ಳುತ್ತದೆ. ಕುಂಚ ಆಡಿಸುತ್ತಾ ಅದನ್ನು ಸಮ ಮಾಡಲು ಹೋಗಬೇಡಿ. ಬೇಕಿದ್ದರೆ ಹಸಿಯಾಗಿರುವಾಗಲೇ ಒಂದೆರಡು ಹನಿ ಸರ್ಜಿಕಲ್ ಸ್ಪಿರಿಟ್ ಬಿಡಿ. ಹನಿ ಬಿದ್ದ ಕಡೆ ಬಣ್ಣ ಸರಿದು ತಿಳಿ ಮಚ್ಚೆ ಮೂಡುತ್ತದೆ. ಹತ್ತಿರದಲ್ಲಿ ಬೆಂಕಿ ಇರಬಾರದು, ಕಿಟಕಿ ತೆರೆದಿರಲಿ.

ಒಂದು ದಿನ ಹಾಗೇ ಬಿಡಿ. ನಂತರ ಚೌಕಟ್ಟಿನಿಂದ ಬಿಡಿಸಿ, ಹಿಂಬದಿಯಿಂದ ರೇಷ್ಮೆಗೆ ಹೇಳಿದ ಶಾಖದಲ್ಲಿ ಇಸ್ತ್ರಿ ಮಾಡಿ. ಎಷ್ಟು ನಿಮಿಷ ಎಂಬುದು ಬಣ್ಣದ ಬಾಟಲಿಯ ಮೇಲಿರುತ್ತದೆ. ಮಡಿಕೆ ಹಾಕಿದ ಅಂಚನ್ನು ಮರೆಯಬೇಡಿ, ಬಟ್ಟೆ ದಪ್ಪವಿರುವ ಅಲ್ಲಿಗೆ ಶಾಖ ತಡವಾಗಿ ತಲುಪುತ್ತದೆ. ಎರಡು ದಿನ ಕಳೆದ ಮೇಲೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದರೆ ಗಟ್ಟಾ ಕರಗಿ, ಹಸಿರಿನ ಸುತ್ತ ಕೆನೆ ಬಣ್ಣದ ಗೆರೆ ಉಳಿಯುತ್ತದೆ. ಹಿಂಡದೆ, ಟವೆಲ್‌ನಲ್ಲಿ ಸುತ್ತಿ ನೀರು ತೆಗೆದು, ನೆರಳಲ್ಲಿ ಒಣಗಿಸಿ.